ಪೈಥಾನ್‌ನಿಂದ ಎಕ್ಸೆಲ್ ಓಡಿಸುವಾಗ ಬರುವ ದೋಷಗಳು: ಪತ್ತೆ ಮತ್ತು ಪರಿಹಾರ

ಪೈಥಾನ್ ಸ್ಕ್ರಿಪ್ಟ್ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ), ಅದು ಕರೆಯುವ ಎಕ್ಸೆಲ್ ಇನ್ನೊಂದು ಪ್ರೊಸೆಸ್. ಎರಡರ ನಡುವೆ ಮಾತು ಸಾಗಿಸುವುದು ವಿಂಡೋಸ್‌ನ ಕಾಮ್ (ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್) ವ್ಯವಸ್ಥೆ. ಪೈಥಾನ್‌ನಿಂದ ಕಾಮ್ ಕರೆಯಲು ನೆರವಾಗುವ ಪೈವಿನ್32 ಲೈಬ್ರರಿ ಬಳಸಿ ಬರೆದ ಸ್ಕ್ರಿಪ್ಟ್ ಕೈಕೊಟ್ಟಾಗ ಬಹುತೇಕರು ಎರರ್‌ನ ಕೊನೆಯ ಸಾಲು ನೋಡಿ ತಮ್ಮ ಕೋಡನ್ನು ತಿದ್ದಲು ಕೂರುತ್ತಾರೆ. ಎಷ್ಟೋ ಸಲ ಆ ಸಾಲಿನಲ್ಲಿ ತಪ್ಪೇ ಇರುವುದಿಲ್ಲ. ಕರೆ ಎಕ್ಸೆಲ್ ತನಕ ತಲುಪಿತೇ? ತಲುಪಿದ ಮೇಲೆ ಎಕ್ಸೆಲ್ ಒಲ್ಲೆ ಅಂದಿತೇ? ಇಲ್ಲಾ, ಒಪ್ಪಿಕೊಂಡು ನಾವು ಹೇಳದ್ದನ್ನು ಮಾಡಿತೇ? ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಕೆಳಗಿನ ವಿವರಗಳೆಲ್ಲ ಪೈಥಾನ್ ಮತ್ತು ಎಕ್ಸೆಲ್ ಜೋಡಿಯವು. ವರ್ಡ್, ಔಟ್‌ಲುಕ್‌ಗಳಿಗೂ ಬಹುಪಾಲು ಹೊಂದುತ್ತವೆ.

ಮೊದಲು ಸಂಖ್ಯೆ ಓದಿ

ಕಾಮ್ ಎರರ್ ಬಂದಾಗ ಪೈವಿನ್32 ನಾಲ್ಕು ಭಾಗಗಳ ಒಂದು ಟಪಲ್ (ಮೌಲ್ಯಗಳ ಗುಂಪು) ಕೊಡುತ್ತದೆ. ಸಾಮಾನ್ಯವಾಗಿ ಕಾಣುವ ರೂಪ ಇದು:

(-2147352567, 'ಎಕ್ಸೆಪ್ಶನ್ ಅಕರ್ಡ್', (0, 'ಮೈಕ್ರೋಸಾಫ್ಟ್ ಎಕ್ಸೆಲ್', ವಿವರಣೆಯ ಸಾಲು, ಸಹಾಯ ಫೈಲಿನ ಹೆಸರು, 0, -2146827284), ನನ್)

ಮೊದಲ ಸಂಖ್ಯೆ -2147352567 ಹೇಳುವುದು ಇಷ್ಟೇ: ಕರೆ ತಲುಪಿತು, ಎಕ್ಸೆಲ್ ಒಳಗೆ ಏನೋ ಎಡವಟ್ಟಾಯಿತು. ಅದನ್ನು ಹುಡುಕಿ ಪ್ರಯೋಜನವಿಲ್ಲ. ಒಳಗಿನ ಟಪಲ್‌ನ ಕೊನೆಯ ಸಂಖ್ಯೆಯೇ ನಿಜವಾದ ಎರರ್. ಇಲ್ಲಿರುವ -2146827284 ಎಂದರೆ ವಿಬಿಎ (ಎಕ್ಸೆಲ್‌ನ ಮ್ಯಾಕ್ರೋ ಭಾಷೆ) ಬರೆದವರಿಗೆಲ್ಲ ಪರಿಚಿತವಾದ ರನ್‌ಟೈಮ್ ಎರರ್ 1004. ನಾಲ್ಕನೆಯ ಭಾಗದಲ್ಲಿ ನನ್ ಬದಲು ಸಂಖ್ಯೆ ಇದ್ದರೆ ಯಾವ ಆರ್ಗ್ಯುಮೆಂಟ್ ತಪ್ಪಾಗಿದೆ ಎಂಬ ಸುಳಿವು ಅಲ್ಲಿದೆ. ಎಕ್ಸೆಪ್ಶನ್ ಹಿಡಿದು ಬರೀ 'ಫೇಲ್ ಆಯಿತು' ಎಂದು ಲಾಗ್ ಮಾಡುವ ಸ್ಕ್ರಿಪ್ಟ್‌ಗಳು ಈ ಮಾಹಿತಿಯನ್ನೆಲ್ಲ ಚೆಲ್ಲಿಬಿಡುತ್ತವೆ. ಇಡೀ ಟಪಲ್ ಲಾಗ್‌ಗೆ ಹೋಗಲಿ.

ಮೊದಲ ಸಂಖ್ಯೆಯೇ ಬೇರೆಯಾಗಿದ್ದರೆ ದೋಷ ಎಕ್ಸೆಲ್ ಆಚೆಗಿದೆ, ಅಂದರೆ ಕಾಮ್ ಮಟ್ಟದಲ್ಲಿದೆ.

ಎಕ್ಸೆಲ್ ಶುರುವೇ ಆಗುವುದಿಲ್ಲ

-2147221005 ಬಂದರೆ 'ಎಕ್ಸೆಲ್.ಅಪ್ಲಿಕೇಶನ್' ಎಂಬ ಹೆಸರೇ ರಿಜಿಸ್ಟ್ರಿಯಲ್ಲಿ ಸಿಕ್ಕಿಲ್ಲ. ಒಂದೋ ಕಾಗುಣಿತ ತಪ್ಪಿದೆ, ಇಲ್ಲವೇ ಆ ಯಂತ್ರದಲ್ಲಿ ಡೆಸ್ಕ್‌ಟಾಪ್ ಆಫೀಸ್ ಇಲ್ಲ. ಬ್ರೌಸರ್‌ನಲ್ಲಿ ಓಡುವ ಎಕ್ಸೆಲ್‌ಗೆ ಈ ದಾರಿಯಲ್ಲಿ ಪ್ರವೇಶವಿಲ್ಲ.

-2147221164 ಬಂದರೆ ಕ್ಲಾಸ್ ನೋಂದಣಿಯಾಗಿಲ್ಲ. ಇಲ್ಲಿ 32 ಬಿಟ್, 64 ಬಿಟ್ ಜಗಳದ ಮಾತು ಎದ್ದೇ ಏಳುತ್ತದೆ, ಆದರೆ ಎಕ್ಸೆಲ್ ಮಟ್ಟಿಗೆ ಅದು ಕಾರಣವಲ್ಲ. ಎಕ್ಸೆಲ್ ತನ್ನದೇ ಪ್ರೊಸೆಸ್‌ನಲ್ಲಿ ಓಡುವುದರಿಂದ 64 ಬಿಟ್ ಪೈಥಾನ್ 32 ಬಿಟ್ ಎಕ್ಸೆಲ್ ಜೊತೆ ಧಾರಾಳವಾಗಿ ಮಾತಾಡುತ್ತದೆ. ಬಿಟ್ ಲೆಕ್ಕ ಮುಖ್ಯವಾಗುವುದು ಡಿಎಲ್‌ಎಲ್ ರೂಪದಲ್ಲಿ ಪೈಥಾನ್ ಒಳಗೇ ಲೋಡ್ ಆಗುವ ಘಟಕಗಳಿಗೆ. ಆಕ್ಸೆಸ್ ಡೇಟಾಬೇಸ್ ಎಂಜಿನ್, ಹಳೆಯ ಅಕೌಂಟಿಂಗ್ ಪ್ಯಾಕೇಜುಗಳ ಆಕ್ಟಿವ್‌ಎಕ್ಸ್ ಲೈಬ್ರರಿ, ಕೆಲವು ಸ್ಕ್ಯಾನರ್ ಡ್ರೈವರ್‌ಗಳು ಈ ಬಗೆಯವು. ಇವಕ್ಕೆ ಪೈಥಾನ್ ಕೂಡ ಅದೇ ಬಿಟ್‌ನದ್ದಾಗಿರಬೇಕು.

-2146959355 ಬಂದರೆ ಎಕ್ಸೆಲ್ ಶುರುವಾಗಲು ಹೋಗಿ ನಿಂತಿದೆ. ಲೈಸೆನ್ಸ್ ಒಪ್ಪಿಗೆ, ಸೈನ್ ಇನ್ ಅಥವಾ ಕಳೆದ ಸಲ ಕ್ರ್ಯಾಶ್ ಆದದ್ದರ ಪ್ರಶ್ನೆಯೊಂದು ಪರದೆಯ ಹಿಂದೆ ಉತ್ತರಕ್ಕೆ ಕಾಯುತ್ತಿರಬಹುದು. ಅದೇ ಬಳಕೆದಾರರ ಖಾತೆಯಲ್ಲಿ ಒಮ್ಮೆ ಕೈಯಾರೆ ಎಕ್ಸೆಲ್ ತೆರೆದು, ಬಂದ ಪ್ರಶ್ನೆಗಳಿಗೆಲ್ಲ ಉತ್ತರಿಸಿ ಮುಚ್ಚಿ.

ತಪ್ಪು ಪೈಥಾನ್ ಕಡೆಯದೋ ವಿಂಡೋಸ್ ಕಡೆಯದೋ ತಿಳಿಯದಿದ್ದರೆ ಪವರ್‌ಶೆಲ್ ಒಂದೇ ನಿಮಿಷದಲ್ಲಿ ಹೇಳುತ್ತದೆ. ನ್ಯೂ-ಆಬ್ಜೆಕ್ಟ್ ಕಮಾಂಡಿಗೆ ಕಾಮ್‌ಆಬ್ಜೆಕ್ಟ್ ಆಯ್ಕೆ ಕೊಟ್ಟು ಎಕ್ಸೆಲ್.ಅಪ್ಲಿಕೇಶನ್ ತೆರೆಸಿ. ಅಲ್ಲೂ ಅದೇ ಎರರ್ ಬಂದರೆ ಆಫೀಸ್ ರಿಪೇರಿ ಮಾಡಿಸಿ, ಪೈಥಾನ್ ಮುಟ್ಟಬೇಡಿ. ಅಲ್ಲಿ ತೆರೆದುಕೊಂಡರೆ ಪೈಥಾನ್ ಕಡೆ ಬನ್ನಿ.

ಥ್ರೆಡ್‌ಗಳಲ್ಲಿ (ಒಂದೇ ಪ್ರೊಸೆಸ್ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳಲ್ಲಿ) ಬರುವ -2147221008 ಬಗ್ಗೆ ಒಂದು ಮಾತು ಸಾಕು: ಪ್ರತಿ ಹೊಸ ಥ್ರೆಡ್‌ನ ಮೊದಲಲ್ಲಿ ಪೈಥಾನ್‌ಕಾಮ್‌ನ ಕೋಇನಿಶಿಯಲೈಸ್, ಕೊನೆಯಲ್ಲಿ ಕೋಅನ್‌ಇನಿಶಿಯಲೈಸ್ ಕರೆಯಬೇಕು. ಒಂದು ಥ್ರೆಡ್‌ನಲ್ಲಿ ಪಡೆದ ವರ್ಕ್‌ಬುಕ್ಕನ್ನು ಇನ್ನೊಂದಕ್ಕೆ ಹಾಗೇ ದಾಟಿಸಿದರೆ -2147417842 ಸಿಗುತ್ತದೆ. ಎಕ್ಸೆಲ್ ಕೆಲಸವನ್ನೆಲ್ಲ ಒಂದೇ ಥ್ರೆಡ್‌ಗೆ ವಹಿಸುವುದೇ ಸರಳ.

ಯಾವ ಎಕ್ಸೆಲ್ ಕೈಗೆ ಸಿಕ್ಕಿತು?

ಪೈವಿನ್32ನ 'ಡಿಸ್ಪ್ಯಾಚ್' ಹೊಸ ಎಕ್ಸೆಲ್ ತೆರೆಯುತ್ತದೆ ಎಂದು ನಂಬಿದವರು ಬಹಳ. ಅದು ಮೊದಲು ಮಾಡುವುದು ಈಗಾಗಲೇ ಓಡುತ್ತಿರುವ ಎಕ್ಸೆಲ್ ಇದೆಯೇ ಎಂದು ನೋಡುವುದು. ಇದ್ದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಬೆಳಿಗ್ಗೆಯಿಂದ ಸಂಬಳದ ಪಟ್ಟಿ ತುಂಬುತ್ತಿದ್ದವರ ಎಕ್ಸೆಲ್‌ಗೆ ನಿಮ್ಮ ಸ್ಕ್ರಿಪ್ಟ್ ಅಂಟಿ, ಎಚ್ಚರಿಕೆಗಳನ್ನು ಬಂದ್ ಮಾಡಿ, ಕೊನೆಗೆ 'ಕ್ವಿಟ್' ಎಂದರೆ ಅವರು ಉಳಿಸದ ಕೆಲಸವೆಲ್ಲ ಒಂದು ಪ್ರಶ್ನೆಯೂ ಇಲ್ಲದೆ ಹೋಗುತ್ತದೆ. ಬೇರೆಯವರ ದಿನದ ಕೆಲಸ ಅದು. ಆದ್ದರಿಂದ ಸ್ವಂತ ಎಕ್ಸೆಲ್ ಬೇಕಾದಲ್ಲಿ 'ಡಿಸ್ಪ್ಯಾಚ್‌ಎಕ್ಸ್' ಬಳಸಿ; ಅದು ಪ್ರತಿ ಸಲ ಹೊಸ ಪ್ರೊಸೆಸ್ ತೆರೆಯುತ್ತದೆ. ಔಟ್‌ಲುಕ್, ಪವರ್‌ಪಾಯಿಂಟ್ ಎರಡಕ್ಕೂ ಈ ಸೌಲಭ್ಯವಿಲ್ಲ. ಅವು ಒಂದು ಸಲಕ್ಕೆ ಒಂದೇ ಓಡುತ್ತವೆ, ಹಾಗಾಗಿ ಅಲ್ಲಿ ಕ್ವಿಟ್ ಹೇಳುವ ಮುನ್ನ ಬೇರೆ ಕಡತ ತೆರೆದಿದೆಯೇ ನೋಡಲೇಬೇಕು.

ತದ್ವಿರುದ್ಧದ ತೊಂದರೆಯೂ ಇದೆ. ತೆರೆದಿರುವ ಎಕ್ಸೆಲ್‌ಗೇ ಅಂಟಬೇಕೆಂದು 'ಗೆಟ್‌ಆಕ್ಟಿವ್‌ಆಬ್ಜೆಕ್ಟ್' ಕರೆದರೆ -2147221021 ಬರುತ್ತದೆ, ಎಕ್ಸೆಲ್ ಮಾತ್ರ ಕಣ್ಣೆದುರೇ ಇದೆ. ಕಾರಣ ಎರಡು. ಒಂದು, ಪೈಥಾನ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆ, ಎಕ್ಸೆಲ್ ಸಾಮಾನ್ಯ ಬಳಕೆದಾರರಾಗಿ. ಎರಡೂ ಒಂದೇ ಮಟ್ಟದಲ್ಲಿರಬೇಕು. ಎರಡು, ಎಕ್ಸೆಲ್ ಈಗಷ್ಟೇ ತೆರೆದಿದೆ. ಓಡುತ್ತಿರುವ ಆಬ್ಜೆಕ್ಟ್‌ಗಳ ಪಟ್ಟಿಗೆ ಆಫೀಸ್ ಅಪ್ಲಿಕೇಶನ್ ತನ್ನ ಹೆಸರು ಸೇರಿಸುವುದು ಅದರ ವಿಂಡೋ ಒಮ್ಮೆ ಫೋಕಸ್ ಕಳೆದುಕೊಂಡ ಮೇಲೆ. ಬೇರೊಂದು ವಿಂಡೋ ಮೇಲೆ ಒಮ್ಮೆ ಕ್ಲಿಕ್ ಮಾಡಿ ಮತ್ತೆ ಓಡಿಸಿ ನೋಡಿ.

ಒಂದು ಯಂತ್ರದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು

ಇದು ಅತಿ ಹೆಚ್ಚು ಹೊತ್ತು ತಿನ್ನುವ ದೋಷ, ಏಕೆಂದರೆ ಎಷ್ಟೋ ಸಲ ಎರರ್ ಬರುವುದೇ ಇಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ.

ಪೈವಿನ್32 ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ತಡವಾದ ಬೈಂಡಿಂಗ್‌ನಲ್ಲಿ ಪ್ರತಿ ಹೆಸರನ್ನೂ ಓಡುವಾಗ ಎಕ್ಸೆಲ್‌ಗೇ ಕೇಳುತ್ತದೆ. ಮುಂಚಿನ ಬೈಂಡಿಂಗ್‌ನಲ್ಲಿ ಎಕ್ಸೆಲ್‌ನ ಟೈಪ್ ಲೈಬ್ರರಿ (ಅದರ ಆಬ್ಜೆಕ್ಟ್ ಮತ್ತು ಹೆಸರುಗಳ ವಿವರಪಟ್ಟಿ) ಓದಿ ಪೈಥಾನ್ ಕ್ಲಾಸುಗಳನ್ನು ತಯಾರಿಸಿ 'ಜೆನ್_ಪೈ' ಎಂಬ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. 'ಎನ್‌ಶೂರ್‌ಡಿಸ್ಪ್ಯಾಚ್' ಒಮ್ಮೆ ಕರೆದರೆ ಸಾಕು, ಆ ಫೋಲ್ಡರ್ ಹುಟ್ಟುತ್ತದೆ. ಆಮೇಲೆ ಅದೇ ಯಂತ್ರದಲ್ಲಿ ಬೇರೆ ಸ್ಕ್ರಿಪ್ಟ್‌ಗಳು ಸಾದಾ 'ಡಿಸ್ಪ್ಯಾಚ್' ಕರೆದರೂ ಆ ಕ್ಲಾಸುಗಳೇ ಸಿಗುತ್ತವೆ. ಒಂದಕ್ಷರವೂ ಬದಲಾಗದ ಸ್ಕ್ರಿಪ್ಟ್ ಎರಡು ಯಂತ್ರಗಳಲ್ಲಿ ಎರಡು ರೀತಿ ವರ್ತಿಸುವುದು ಹೀಗೆ.

ಎ1 ಸೆಲ್‌ನಿಂದ ಒಂದು ಸಾಲು ಕೆಳಗೆ ಹೋಗಲು ಆಫ್‌ಸೆಟ್(1, 0) ಎಂದು ಬರೆದಿದ್ದೀರಿ ಅನ್ನಿ. ತಡವಾದ ಬೈಂಡಿಂಗ್‌ನಲ್ಲಿ ಎ2 ಸಿಗುತ್ತದೆ. ಮುಂಚಿನ ಬೈಂಡಿಂಗ್‌ನಲ್ಲಿ 'ಆಫ್‌ಸೆಟ್' ಆರ್ಗ್ಯುಮೆಂಟ್ ಇಲ್ಲದ ಪ್ರಾಪರ್ಟಿಯಾಗಿ ಮೊದಲು ಎ1 ಅನ್ನೇ ಹಿಂದಿರುಗಿಸುತ್ತದೆ. ಆಮೇಲೆ (1, 0) ಎಂಬುದು ಆ ರೇಂಜ್‌ನ 'ಐಟಂ' ಕರೆಯಾಗುತ್ತದೆ. ಐಟಂ(1, 0) ಎಂದರೆ ಅದೇ ಸಾಲಿನಲ್ಲಿ ಒಂದು ಕಾಲಂ ಎಡಕ್ಕೆ. ಎ1ಕ್ಕೆ ಎಡವೇ ಇಲ್ಲದ್ದರಿಂದ ಎರರ್ 1004 ಬರುತ್ತದೆ. ಬಿ5ರಿಂದ ಹೊರಟಿದ್ದರೆ ಎರರ್ ಕೂಡ ಬರುವುದಿಲ್ಲ. ಬಿ6ಕ್ಕೆ ಹೋಗಬೇಕಾದ ಮೊತ್ತ ಎ5ರಲ್ಲಿ ಕೂರುತ್ತದೆ. 'ರೀಸೈಜ್' ಕತೆಯೂ ಇದೇ: ರೀಸೈಜ್(3, 2) ಆರು ಸೆಲ್‌ಗಳ ಬದಲು ಒಂದೇ ಸೆಲ್ ಕೊಡುತ್ತದೆ.

ಪರಿಹಾರ: ಮುಂಚಿನ ಬೈಂಡಿಂಗ್‌ನಲ್ಲಿ 'ಗೆಟ್‌ಆಫ್‌ಸೆಟ್', 'ಗೆಟ್‌ರೀಸೈಜ್', 'ಗೆಟ್‌ಅಡ್ರೆಸ್' ಎಂಬ ಹೆಸರುಗಳನ್ನೇ ಬಳಸಬೇಕು. ಇಡೀ ಸ್ಕ್ರಿಪ್ಟ್‌ಗೆ ಯಾವುದಾದರೂ ಒಂದು ಬಗೆ ಗಟ್ಟಿ ಮಾಡಿಕೊಳ್ಳಿ. ಮುಂಚಿನದು ಬೇಕೆಂದರೆ ಎನ್‌ಶೂರ್‌ಡಿಸ್ಪ್ಯಾಚ್, ತಡವಾದದ್ದೇ ಬೇಕೆಂದರೆ ವಿನ್32ಕಾಮ್.ಕ್ಲೈಂಟ್.ಡೈನಾಮಿಕ್ ಒಳಗಿನ ಡಿಸ್ಪ್ಯಾಚ್. ನಡುವಿನ ಸಾದಾ ಡಿಸ್ಪ್ಯಾಚ್ ಮೇಲೆ ಲೆಕ್ಕದ ಸ್ಕ್ರಿಪ್ಟ್ ಕಟ್ಟಬೇಡಿ. ಎನ್‌ಶೂರ್‌ಡಿಸ್ಪ್ಯಾಚ್ ಕೂಡ ಓಡುತ್ತಿರುವ ಎಕ್ಸೆಲ್‌ಗೆ ಅಂಟುತ್ತದೆ ಎಂಬುದು ನೆನಪಿರಲಿ. ಸ್ವಂತ ಪ್ರೊಸೆಸ್ ಬೇಕಿದ್ದರೆ ಡಿಸ್ಪ್ಯಾಚ್‌ಎಕ್ಸ್ ಕೊಟ್ಟ ಆಬ್ಜೆಕ್ಟನ್ನೇ ಅದಕ್ಕೆ ದಾಟಿಸಬಹುದು.

ಇದೇ ಫೋಲ್ಡರ್ ಇನ್ನೊಂದು ರೀತಿಯಲ್ಲೂ ಕೆಡುತ್ತದೆ. 00020813ರಿಂದ ಶುರುವಾಗುವ ಉದ್ದನೆಯ ಮಾಡ್ಯೂಲ್ ಹೆಸರು ಹೇಳಿ, ಅದರಲ್ಲಿ 'ಸಿಎಲ್‌ಎಸ್‌ಐಡಿಟುಕ್ಲಾಸ್‌ಮ್ಯಾಪ್' ಇಲ್ಲ ಎನ್ನುವ ಎರರ್ ಬಂದರೆ ಆ ಫೋಲ್ಡರ್‌ನ ಕ್ಯಾಶ್ (ತಯಾರಿಸಿಟ್ಟ ಕ್ಲಾಸುಗಳ ಸಂಗ್ರಹ) ಅರ್ಧಂಬರ್ಧ ಬರೆಯಲ್ಪಟ್ಟಿದೆ. ಆ ಅಂಕಿ ಎಕ್ಸೆಲ್ ಟೈಪ್ ಲೈಬ್ರರಿಯ ಗುರುತು. ವಿನ್32ಕಾಮ್‌ನ '__ಜೆನ್_ಪಾತ್__' ಪ್ರಿಂಟ್ ಮಾಡಿದರೆ ಫೋಲ್ಡರ್ ಎಲ್ಲಿದೆ ಎಂದು ತಿಳಿಯುತ್ತದೆ. ಹೆಚ್ಚಾಗಿ ಬಳಕೆದಾರರ ಟೆಂಪ್ ಒಳಗೆ. ಓಡುತ್ತಿರುವ ಪೈಥಾನ್‌ಗಳನ್ನೆಲ್ಲ ನಿಲ್ಲಿಸಿ ಆ ಫೋಲ್ಡರನ್ನು ಅಳಿಸಿ. ಮುಂದಿನ ಸಲ ತಾನಾಗಿಯೇ ಹುಟ್ಟುತ್ತದೆ.

ಸ್ಥಿರಾಂಕಗಳ ಗೊಂದಲದ ಬೇರೂ ಇಲ್ಲೇ ಇದೆ. ಮುಂಚಿನ ಬೈಂಡಿಂಗ್ ಇಲ್ಲದಿದ್ದರೆ 'ಕಾನ್‌ಸ್ಟಂಟ್ಸ್' ಒಳಗೆ ಏನೂ ಇರುವುದಿಲ್ಲ. ಆಗ ಸಂಖ್ಯೆಗಳನ್ನೇ ಕೊಡಿ: ಮೇಲ್ಮುಖವಾಗಿ ಕೊನೆಯ ಸಾಲು ಹುಡುಕಲು -4162, ಮ್ಯಾಕ್ರೋ ಇಲ್ಲದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಲು 51, ಮ್ಯಾಕ್ರೋ ಇರುವುದಕ್ಕೆ 52, ಪಿಡಿಎಫ್ ರಫ್ತಿಗೆ 0.

ಎಕ್ಸೆಲ್ ಬ್ಯುಸಿ

-2147418111 ಎಂದರೆ ಎಕ್ಸೆಲ್ ಕರೆಯನ್ನು ತಿರಸ್ಕರಿಸಿತು. ಯಾರೋ ಸೆಲ್ ಒಳಗೆ ಟೈಪ್ ಮಾಡುತ್ತಾ ಎಂಟರ್ ಒತ್ತದೆ ಬಿಟ್ಟಿದ್ದಾರೆ, ಡೈಲಾಗ್ ಪೆಟ್ಟಿಗೆ ತೆರೆದಿದೆ, ಅಥವಾ ದೊಡ್ಡ ಲೆಕ್ಕಾಚಾರ ನಡೆಯುತ್ತಿದೆ. -2147417846 ಅದರ ಸೋದರ: ಸ್ವಲ್ಪ ತಡೆದು ಮತ್ತೆ ಬಾ ಎನ್ನುತ್ತದೆ. ತಿರಸ್ಕೃತ ಕರೆ ಎಕ್ಸೆಲ್ ಒಳಗೆ ನಡೆದೇ ಇಲ್ಲ, ಆದ್ದರಿಂದ ಅದನ್ನೇ ಮತ್ತೆ ಕಳಿಸಿದರೆ ಎರಡು ಸಲ ಬರೆದಂತಾಗುವುದಿಲ್ಲ. ಅರ್ಧ ಸೆಕೆಂಡ್ ಬಿಟ್ಟು ಬಿಟ್ಟು 20 ಸಲ ಪ್ರಯತ್ನಿಸುವ ಒಂದು ಸಣ್ಣ ಫಂಕ್ಷನ್ ಬರೆದು, ಕರೆಗಳನ್ನೆಲ್ಲ ಅದರ ಮೂಲಕ ಹಾಯಿಸಿ.

ಆ ಫಂಕ್ಷನ್ ಹಿಡಿಯಬೇಕಾದ್ದು ಕಾಮ್ ಎರರ್ ಒಂದನ್ನೇ ಅಲ್ಲ. ತಡವಾದ ಬೈಂಡಿಂಗ್‌ನಲ್ಲಿ ಎಕ್ಸೆಲ್ ಬ್ಯುಸಿ ಇದ್ದಾಗ ಹೆಸರು ವಿಚಾರಿಸುವ ಹಂತದಲ್ಲೇ ಸೋಲುಂಟಾಗಿ, ಪೈವಿನ್32 'ಆಟ್ರಿಬ್ಯೂಟ್ ಎರರ್: ಎಕ್ಸೆಲ್.ಅಪ್ಲಿಕೇಶನ್.ವರ್ಕ್‌ಬುಕ್ಸ್' ಎಂದು ಹೇಳುತ್ತದೆ. ಓದಿದವರಿಗೆ ಆ ಹೆಸರೇ ಇಲ್ಲವೇನೋ ಅನಿಸುತ್ತದೆ. ಹೆಸರಿದೆ, ಎಕ್ಸೆಲ್ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ ಅಷ್ಟೆ. ಹತ್ತು ಸಲ ಸರಿ ಓಡಿ ಹನ್ನೊಂದನೆಯ ಸಲ ಆಟ್ರಿಬ್ಯೂಟ್ ಎರರ್ ಬಂದರೆ ಕಾಗುಣಿತ ನೋಡುತ್ತಾ ಕೂರಬೇಡಿ.

ಇದಕ್ಕೆ ವ್ಯತಿರಿಕ್ತವಾಗಿ -2147023174 ಅಥವಾ -2147417848 ಬಂದರೆ ಕಾದು ಫಲವಿಲ್ಲ. ಎಕ್ಸೆಲ್ ಪ್ರೊಸೆಸ್ ಸತ್ತಿದೆ, ಇಲ್ಲವೇ ನೀವು ಹಿಡಿದಿದ್ದ ವರ್ಕ್‌ಬುಕ್ಕನ್ನು ಯಾರೋ ಮುಚ್ಚಿದ್ದಾರೆ. ಕೈಲಿರುವ ಆಬ್ಜೆಕ್ಟ್‌ಗಳನ್ನೆಲ್ಲ ಬಿಟ್ಟು ಹೊಸದಾಗಿ ಶುರು ಮಾಡಬೇಕು.

ಎರರೂ ಇಲ್ಲ, ಮುಂದೆಯೂ ಹೋಗುವುದಿಲ್ಲ

ಸ್ಕ್ರಿಪ್ಟ್ ಸುಮ್ಮನೆ ನಿಂತುಬಿಟ್ಟರೆ ಕಾಣದ ಎಕ್ಸೆಲ್ ಒಳಗೆ ಒಂದು ಡೈಲಾಗ್ ಕಾಯುತ್ತಿದೆ ಎಂದೇ ಮೊದಲು ಭಾವಿಸಿ. 'ವಿಸಿಬಲ್' ಅನ್ನು ಟ್ರೂ ಮಾಡಿ ಮತ್ತೊಮ್ಮೆ ಓಡಿಸಿದರೆ ಅದು ಎದುರಿಗೇ ಬರುತ್ತದೆ. ಆಮೇಲೆ ಅದು ಏಳದಂತೆ ಮಾಡಿ. 'ಡಿಸ್‌ಪ್ಲೇಅಲರ್ಟ್ಸ್' ಫಾಲ್ಸ್ ಮಾಡಿದರೆ ಬಹಳಷ್ಟು ಪ್ರಶ್ನೆಗಳು ಹೋಗುತ್ತವೆ. ಕಡತ ತೆರೆಯುವಾಗ 'ಅಪ್‌ಡೇಟ್‌ಲಿಂಕ್ಸ್'ಗೆ 0 ಕೊಟ್ಟರೆ ಲಿಂಕ್ ಪ್ರಶ್ನೆ ಏಳುವುದಿಲ್ಲ. ಪಾಸ್‌ವರ್ಡ್ ಇರಬಹುದಾದ ಕಡತಗಳಿಗೆ ಯಾವುದಾದರೂ ಒಂದು ಪಾಸ್‌ವರ್ಡ್ ಕೊಟ್ಟುಬಿಡಿ: ಬೀಗವಿಲ್ಲದ ಕಡತ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬೀಗವಿರುವುದು ಡೈಲಾಗ್ ತೆರೆದು ಕಾಯುವ ಬದಲು ಎರರ್ ಕೊಡುತ್ತದೆ.

ಮ್ಯಾಕ್ರೋ ವಿಷಯ ಸುರಕ್ಷತೆಯದೂ ಹೌದು. ಆಟೊಮೇಶನ್ ಮೂಲಕ ತೆರೆದ ಕಡತಗಳಿಗೆ 'ಆಟೊಮೇಶನ್‌ಸೆಕ್ಯುರಿಟಿ'ಯ ಪೂರ್ವನಿಯೋಜಿತ ಮೌಲ್ಯ ಎಲ್ಲ ಮ್ಯಾಕ್ರೋಗಳನ್ನೂ ಓಡಲು ಬಿಡುತ್ತದೆ. ಇಮೇಲ್‌ನಲ್ಲಿ ಬಂದ ಕಡತಗಳನ್ನು ಸ್ಕ್ರಿಪ್ಟ್ ತೆರೆಯುವುದಾದರೆ ತೆರೆಯುವ ಮೊದಲೇ ಅದಕ್ಕೆ 3 ಕೊಡಿ. ಮ್ಯಾಕ್ರೋಗಳು ಬಂದ್ ಆಗುತ್ತವೆ, ಅವು ತೋರಿಸುವ ಸಂದೇಶ ಪೆಟ್ಟಿಗೆಗಳೂ ಬರುವುದಿಲ್ಲ.

ಎಚ್ಚರಿಕೆಗಳನ್ನು ಬಂದ್ ಮಾಡಿದ್ದಕ್ಕೆ ಒಂದು ಬೆಲೆಯಿದೆ. ಬೇರೊಬ್ಬರು ತೆರೆದಿಟ್ಟ ಕಡತ ನಿಮಗೆ ಸದ್ದಿಲ್ಲದೆ ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ತೆರೆಯಬಹುದು. ತೆರೆದ ಕೂಡಲೇ ವರ್ಕ್‌ಬುಕ್‌ನ 'ರೀಡ್‌ಓನ್ಲಿ' ಪರೀಕ್ಷಿಸಿ. ಹಾಗೆಯೇ, ಬೇರೆ ಪ್ರೊಸೆಸ್‌ನಿಂದ ಡಿಸ್‌ಪ್ಲೇಅಲರ್ಟ್ಸ್ ಬದಲಿಸಿದರೆ ಎಕ್ಸೆಲ್ ಅದನ್ನು ತಾನಾಗಿ ಮೊದಲಿನಂತೆ ಮಾಡುವುದಿಲ್ಲ. ಬದಲಿಸಿದ್ದನ್ನು 'ಫೈನಲಿ' ಭಾಗದಲ್ಲಿ ನೀವೇ ಸರಿಪಡಿಸಿ. ಲೆಕ್ಕಾಚಾರವನ್ನು -4135 ಕೊಟ್ಟು ಮ್ಯಾನುಯಲ್ ಮಾಡಿದ್ದರೆ -4105 ಕೊಟ್ಟು ಹಿಂದಕ್ಕೆ ತನ್ನಿ.

1004ರ ಸಾಮಾನ್ಯ ಕಾರಣಗಳು

ಒಂದೇ ಸಂಖ್ಯೆ, ಹತ್ತಾರು ಕಾರಣ. ಮೊದಲು ನೋಡಬೇಕಾದ್ದು ಕಡತದ ದಾರಿ: ಎಕ್ಸೆಲ್‌ನ ಚಾಲ್ತಿ ಫೋಲ್ಡರ್ ಪೈಥಾನ್‌ನದ್ದಲ್ಲ, ಆದ್ದರಿಂದ ಯಾವಾಗಲೂ ಡ್ರೈವ್ ಅಕ್ಷರದಿಂದ ಶುರುವಾಗುವ ಪೂರ್ಣ ದಾರಿ ಕೊಡಿ, ಹಿಮ್ಮುಖ ಓರೆಗೆರೆಗಳೊಂದಿಗೆ. ನಂತರ ಎಣಿಕೆ. ಎಕ್ಸೆಲ್ 1ರಿಂದ ಎಣಿಸುತ್ತದೆ. ಪೈಥಾನ್ ಅಭ್ಯಾಸದಲ್ಲಿ ಸೆಲ್ಸ್(0, 1) ಎಂದು ಬರೆದರೆ 1004. ಹಾಳೆಯ ಹೆಸರು 31 ಅಕ್ಷರ ಮೀರಿದರೂ, ಅದರಲ್ಲಿ ಓರೆಗೆರೆ, ಪ್ರಶ್ನಾರ್ಥಕ, ನಕ್ಷತ್ರ, ಚೌಕ ಕಂಸ ಅಥವಾ ವಿವರಣ ಚಿಹ್ನೆ (:) ಇದ್ದರೂ 1004. ತಾರೀಖನ್ನು ಓರೆಗೆರೆ ಹಾಕಿ ಹಾಳೆಗೆ ಹೆಸರಾಗಿಡುವ ಸ್ಕ್ರಿಪ್ಟ್‌ಗಳು ಬೀಳುವುದು ಇಲ್ಲೇ. ಉಳಿಸುವಾಗ ಕಡತದ ವಿಸ್ತರಣೆ ಒಂದು, ಫಾರ್ಮ್ಯಾಟ್ ಸಂಖ್ಯೆ ಇನ್ನೊಂದು ಆದರೂ ಇದೇ ಗತಿ. 'ಫಾರ್ಮುಲಾ' ಪ್ರಾಪರ್ಟಿಗೆ ಅಮೆರಿಕನ್ ಇಂಗ್ಲಿಷ್ ಹೆಸರು ಮತ್ತು ಅಲ್ಪವಿರಾಮವನ್ನೇ ಕೊಡಬೇಕು, ಯಂತ್ರದ ಪ್ರಾದೇಶಿಕ ಸೆಟ್ಟಿಂಗ್ ಏನೇ ಇರಲಿ.

ಎರರ್ ಇಲ್ಲದೆ ಸೆಲ್‌ನಿಂದ -2146826246ರಂಥ ವಿಚಿತ್ರ ಸಂಖ್ಯೆ ಓದಿ ಬಂದರೆ ಅದು ಮೊತ್ತವಲ್ಲ. ಸೆಲ್‌ನಲ್ಲಿರುವ 'ಎನ್/ಎ' ದೋಷ ಹಾಗೆ ಬರುತ್ತದೆ. ಸೊನ್ನೆಯಿಂದ ಭಾಗಿಸಿದ್ದು -2146826281, ಮೌಲ್ಯದ ದೋಷ -2146826273, ಮುರಿದ ಉಲ್ಲೇಖ -2146826265. ಇವನ್ನು ಶೋಧಿಸದೆ ಕೂಡಿಸಿದರೆ ವರದಿಯ ಮೊತ್ತ ಇನ್ನೂರು ಕೋಟಿಗೂ ಮೀರಿ ಮೈನಸ್‌ಗೆ ಇಳಿಯುತ್ತದೆ.

ಮುಚ್ಚಿದರೂ ಉಳಿಯುವ ಎಕ್ಸೆಲ್

ಕ್ವಿಟ್ ಕರೆದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸೆಲ್ ಉಳಿದಿದ್ದರೆ ಪೈಥಾನ್ ಇನ್ನೂ ಅದರ ಯಾವುದೋ ಆಬ್ಜೆಕ್ಟನ್ನು ಹಿಡಿದಿದೆ. ಮರೆತ ವೇರಿಯಬಲ್ ಅಲ್ಲದೆ ಕಣ್ಣಿಗೆ ಬೀಳದ ಹಿಡಿತಗಳೂ ಇವೆ: ಎಕ್ಸೆಪ್ಶನ್‌ನ ಟ್ರೇಸ್‌ಬ್ಯಾಕ್ ಆ ಫಂಕ್ಷನ್‌ನ ಎಲ್ಲ ವೇರಿಯಬಲ್‌ಗಳನ್ನೂ ಜೀವಂತ ಇಡುತ್ತದೆ, ಜುಪಿಟರ್ ನೋಟ್‌ಬುಕ್‌ನ ಔಟ್ ಪಟ್ಟಿ, ಶೆಲ್‌ನ ಅಂಡರ್‌ಸ್ಕೋರ್ ಕೊನೆಯ ಉತ್ತರವನ್ನು ಬಿಡುವುದಿಲ್ಲ. ಎಕ್ಸೆಲ್ ಮುಟ್ಟುವ ಕೋಡನ್ನೆಲ್ಲ ಒಂದು ಫಂಕ್ಷನ್ ಒಳಗಿಟ್ಟು, ಅದು ಮುಗಿದು ಹೊರಬಂದ ಮೇಲೆ ಪೈಥಾನ್‌ನ ಕಸ ಸಂಗ್ರಹ (ಜಿಸಿ.ಕಲೆಕ್ಟ್) ಒಮ್ಮೆ ಕರೆದರೆ ಬಹುಪಾಲು ಬಗೆಹರಿಯುತ್ತದೆ. ವರ್ಕ್‌ಬುಕ್ಕನ್ನು ಮೊದಲು ಮುಚ್ಚಿ, ಆಮೇಲೆ ಕ್ವಿಟ್.

ಉಳಿದ ಪ್ರೊಸೆಸ್ ಅನ್ನು ಹೆಸರಿನಿಂದ 'ಟಾಸ್ಕ್‌ಕಿಲ್' ಮಾಡುವ ಸಾಲನ್ನು ಸ್ಕ್ರಿಪ್ಟ್‌ಗೆ ದಯವಿಟ್ಟು ಸೇರಿಸಬೇಡಿ. ಅದು ಆ ಯಂತ್ರದ ಎಲ್ಲ ಎಕ್ಸೆಲ್‌ಗಳನ್ನೂ ಕೊಲ್ಲುತ್ತದೆ. ಬದಲಿಗೆ ಎಕ್ಸೆಲ್ ತೆರೆದ ಕೂಡಲೇ ಅದರ 'ಎಚ್‌ಡಬ್ಲ್ಯುಎನ್‌ಡಿ' (ವಿಂಡೋದ ಗುರುತು ಸಂಖ್ಯೆ) ಓದಿ, ವಿನ್32ಪ್ರೊಸೆಸ್‌ನ 'ಗೆಟ್‌ವಿಂಡೋಥ್ರೆಡ್‌ಪ್ರೊಸೆಸ್‌ಐಡಿ' ಮೂಲಕ ಪ್ರೊಸೆಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅನಿವಾರ್ಯವಾದರೆ ಆ ಒಂದನ್ನೇ ನಿಲ್ಲಿಸಿ. ಈಗಾಗಲೇ ಹಲವು ಉಳಿದಿದ್ದರೆ ಟಾಸ್ಕ್ ಮ್ಯಾನೇಜರ್‌ನ ವಿವರಗಳ ಟ್ಯಾಬ್‌ನಲ್ಲಿ ಕಮಾಂಡ್ ಲೈನ್ ಕಾಲಂ ತೆರೆದು ನೋಡಿ. ಆಟೊಮೇಶನ್‌ನಿಂದ ಹುಟ್ಟಿದವುಗಳ ಮುಂದೆ 'ಆಟೊಮೇಶನ್', 'ಎಂಬೆಡಿಂಗ್' ಎಂಬ ಎರಡು ಪದಗಳಿರುತ್ತವೆ. ಜನ ಕೈಯಾರೆ ತೆರೆದವುಗಳ ಮುಂದೆ ಇರುವುದಿಲ್ಲ.

ಕನ್ನಡ ಅಕ್ಷರ ಕೆಟ್ಟರೆ

ಕಾಮ್ ಪಠ್ಯವನ್ನು ಯುನಿಕೋಡ್‌ನಲ್ಲೇ ಸಾಗಿಸುತ್ತದೆ, ಆದ್ದರಿಂದ ಕನ್ನಡ ಕೆಡುವುದು ದಾರಿಯಲ್ಲಲ್ಲ, ಎರಡು ತುದಿಗಳಲ್ಲಿ. ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸಿದಾಗ 'ಚಾರ್‌ಮ್ಯಾಪ್' ಎರರ್ ಬಂದರೆ 'ಪೈಥಾನ್‌ಯುಟಿಎಫ್8' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ. ಸಿಎಸ್‌ವಿ ಉಳಿಸುವಾಗ ಫಾರ್ಮ್ಯಾಟ್ 6 ಬಳಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ, 62 ಬಳಸಿ.

ಹಾಳೆಯಲ್ಲಿ ಚೆನ್ನಾಗಿ ಕನ್ನಡ ಕಾಣುತ್ತಿದ್ದು, ಪೈಥಾನ್‌ಗೆ ಬಂದಾಗ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಸಿಕ್ಕರೆ ಆ ಸೆಲ್‌ನ ಫಾಂಟ್ ಹೆಸರು ಓದಿ. ನುಡಿ ಅಥವಾ ಬರಹದ ಹಳೆಯ ಫಾಂಟ್ ಆಗಿದ್ದರೆ ಅಲ್ಲಿರುವುದು ಯುನಿಕೋಡ್ ಅಲ್ಲ, ಕನ್ನಡದ ಆಕಾರ ತೊಟ್ಟ ಆಸ್ಕಿ. ಹಳೆಯ ಸರ್ಕಾರಿ ಪಟ್ಟಿಗಳಲ್ಲಿ ಇದು ಇಂದಿಗೂ ಧಾರಾಳ. ಕೋಡಿನಲ್ಲಿ ಎಷ್ಟು ಎನ್‌ಕೋಡಿಂಗ್ ಬದಲಿಸಿದರೂ ಸರಿಹೋಗುವುದಿಲ್ಲ. ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಕದ ಮೂಲಕ ಹಾಯಿಸಬೇಕು. ಒಂದೇ ಹಾಳೆಯಲ್ಲಿ ಎರಡೂ ಬಗೆ ಬೆರೆತಿರುವುದುಂಟು. ಸೆಲ್‌ನಲ್ಲಿ 0ಸಿ80ರಿಂದ 0ಸಿಎಫ್‌ಎಫ್ ನಡುವಿನ ಒಂದಾದರೂ ಅಕ್ಷರವಿದ್ದರೆ ಅದು ಆಗಲೇ ಯುನಿಕೋಡ್, ಪರಿವರ್ತಕಕ್ಕೆ ಕೊಡಬೇಡಿ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ಮಾತ್ರ ಕೆಡುವುದು

ಕೈಯಾರೆ ಓಡಿಸಿದರೆ ಸರಿ, ರಾತ್ರಿ 2 ಗಂಟೆಗೆ ಮಾತ್ರ ಕಡತ ತೆರೆಯುವ 'ಓಪನ್' ಸೋಲುತ್ತದೆ ಎಂದರೆ ಮೊದಲು ಖಾತೆ ನೋಡಿ. ಯಾರೂ ಲಾಗಿನ್ ಆಗಿರದ ಸೆಷನ್‌ನಲ್ಲಿ ಆಫೀಸ್ ಓಡಿಸುವುದನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ಮ್ಯಾಪ್ ಮಾಡಿದ ಡ್ರೈವ್ ಅಕ್ಷರಗಳೂ ಆ ಸೆಷನ್‌ನಲ್ಲಿ ಇರುವುದಿಲ್ಲ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ಣ ನೆಟ್‌ವರ್ಕ್ ದಾರಿ ಕೊಡಿ. ಟಾಸ್ಕ್ ಅನ್ನು ಬಳಕೆದಾರರು ಲಾಗಿನ್ ಆಗಿದ್ದಾಗ ಮಾತ್ರ ಓಡುವಂತೆ ಬದಲಿಸಿದರೆ ಬಹಳಷ್ಟು ಪ್ರಕರಣಗಳು ಅಲ್ಲಿಗೇ ಸರಿಯಾಗುತ್ತವೆ.

ಸಿಸ್ಟಂ ಖಾತೆಯಲ್ಲೇ ಓಡಬೇಕೆಂದು ಪಟ್ಟು ಹಿಡಿದವರು ವಿಂಡೋಸ್‌ನ ಸಿಸ್ಟಂ32 ಒಳಗೆ ಕಾನ್ಫಿಗ್, ಅದರೊಳಗೆ ಸಿಸ್ಟಂಪ್ರೊಫೈಲ್, ಅದರೊಳಗೆ ಡೆಸ್ಕ್‌ಟಾಪ್ ಎಂಬ ಖಾಲಿ ಫೋಲ್ಡರ್ ಮಾಡುತ್ತಾರೆ. ಆಫೀಸ್ 32 ಬಿಟ್ ಆಗಿದ್ದರೆ ಸಿಸ್‌ವೌ64 ಒಳಗೆ. ಓಪನ್ ಸೋಲುವುದು ಅದರಿಂದ ನಿಲ್ಲುತ್ತದೆ, ಆದರೆ ಒಂದು ಡೈಲಾಗ್ ಎದ್ದರೂ ಅದನ್ನು ನೋಡಿ ಉತ್ತರಿಸುವವರು ಅಲ್ಲಿ ಯಾರೂ ಇಲ್ಲ. ಬರೀ ಎಕ್ಸ್‌ಎಲ್‌ಎಸ್‌ಎಕ್ಸ್ ಓದಿ ಬರೆಯುವ ಕೆಲಸವಾದರೆ ಓಪನ್‌ಪೈಎಕ್ಸ್‌ಎಲ್ ಎಂಬ ಪೈಥಾನ್ ಲೈಬ್ರರಿ ಸಾಕು, ಅದಕ್ಕೆ ಎಕ್ಸೆಲ್ ಬೇಕಾಗಿಲ್ಲ. ಲೆಕ್ಕಾಚಾರ ಮರಳಿ ನಡೆಯಬೇಕು, ಪಿಡಿಎಫ್ ಆಗಬೇಕು, ಮ್ಯಾಕ್ರೋ ಓಡಬೇಕು ಎಂದಿದ್ದರಷ್ಟೇ ಎಕ್ಸೆಲ್ ತೆರೆಸಿ. ಆಗಲೂ ಆಡ್-ಇನ್ ಫಂಕ್ಷನ್‌ಗಳಿರುವ ಸೆಲ್‌ಗಳಲ್ಲಿ ಹೆಸರಿನ ದೋಷ ಕಂಡರೆ ಗಾಬರಿ ಬೇಡ: ಆಟೊಮೇಶನ್‌ನಿಂದ ತೆರೆದ ಎಕ್ಸೆಲ್ ಆಡ್-ಇನ್‌ಗಳನ್ನೂ ಪರ್ಸನಲ್ ಮ್ಯಾಕ್ರೋ ಕಡತವನ್ನೂ ತಾನಾಗಿ ಲೋಡ್ ಮಾಡುವುದಿಲ್ಲ. ವರ್ಕ್‌ಬುಕ್ ತೆರೆಯುವ ಮೊದಲು ಆಡ್-ಇನ್ ಕಡತವನ್ನು ಸ್ಕ್ರಿಪ್ಟ್‌ನಿಂದಲೇ ತೆರೆಸಿ.